ದಮ್ಮಿಲ್ಲದ ದಿನವೂ ಎಳೆಯಬೇಕಾದ ಔಷಧಿ

“ಇನ್‌ಹೇಲರ್ ದಿನಾ ತಗಂತೀರೇನ್ರಿ?” ಅಂತ ಆಸ್ತಮಾ ಇರುವ ಯಾರನ್ನಾದರೂ ಕೇಳಿ ನೋಡಿ. “ಹ್ಞೂಂ ರೀ, ತಗಂತೀನಿ” ಅನ್ನುತ್ತಾರೆ. ಡಾಕ್ಟರ ಎದುರು ಕೂತು ಇಲ್ಲ ಅನ್ನಲು ಯಾರಿಗೆ ತಾನೇ ಬಾಯಿ ಬರುತ್ತದೆ? ಆ ಉತ್ತರ ನಂಬಿ ಡೋಸ್ ಏರಿಸುವುದು, ಔಷಧಿ ಬದಲಿಸುವುದು, ಮೇಲೊಂದು ಮಾತ್ರೆ ಸೇರಿಸುವುದು ದಿನಾ ನಡೆಯುತ್ತದೆ. ಕೇಳುವುದನ್ನು ಬಿಟ್ಟು ಡಬ್ಬಿ ಎಣಿಸಿದರೆ ಬೇರೆಯದೇ ಲೆಕ್ಕ ಸಿಗುತ್ತದೆ.

ಎಣಿಸಲು ದೊಡ್ಡ ವಿದ್ಯೆ ಬೇಡ. ದಿನಾ ತೆಗೆದುಕೊಳ್ಳುವ ಬುಡೆಸೊನೈಡ್–ಫಾರ್ಮೊಟೆರಾಲ್ ಎಂಬ ಇನ್‌ಹೇಲರಿನ ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 120 ಪಫ್, ಅಂದರೆ 120 ಸಲ ಒತ್ತುವಷ್ಟು ಔಷಧಿ, ಇರುತ್ತವೆ. ಬೆಳಿಗ್ಗೆ ಎರಡು, ರಾತ್ರಿ ಎರಡು ಎಂದು ಚೀಟಿಯಲ್ಲಿದ್ದರೆ ದಿನಕ್ಕೆ ನಾಲ್ಕು, 30 ದಿನಕ್ಕೆ ಡಬ್ಬಿ ಖಾಲಿ. ಒಂದನೇ ತಾರೀಕು ಬೆಳಿಗ್ಗೆ ಶುರು ಮಾಡಿದ ಡಬ್ಬಿಯನ್ನು ಇಪ್ಪತ್ತನೇ ತಾರೀಕು ಮಲಗುವ ಮುಂಚೆ ನೋಡಿದರೆ, ಉಳಿದ ಪಫ್ ಎಷ್ಟೆಂದು ತೋರಿಸುವ ಅದರ ಕೌಂಟರ್ 40ರ ಆಸುಪಾಸಿನಲ್ಲಿರಬೇಕು. 78 ಇದೆ ಅನ್ನಿ. 80 ಹೋಗಬೇಕಾದಲ್ಲಿ 42 ಹೋಗಿದೆ, ದಿನಕ್ಕೆ ಎರಡರಂತೆ. ಅಲ್ಲಿಗೆ ಒಂದು ಹೊತ್ತು ಪೂರಾ ಬಿಟ್ಟುಹೋಗುತ್ತಿದೆ ಎಂದಾಯಿತು. ಏಳು ಗಂಟೆ ಬಸ್ಸಿಗೆ ಓಡುವವರಾದರೆ ಬೆಳಗಿನದು, ರಾತ್ರಿ ಪಾಳಿಯವರಾದರೆ ರಾತ್ರಿಯದು. ಕೌಂಟರ್ 104 ತೋರಿಸಿದರೆ ಖರ್ಚಾಗಿದ್ದು 16 ಮಾತ್ರ. ಉಸಿರು ಕಟ್ಟಿದ ನಾಲ್ಕು ದಿನವಷ್ಟೇ ಡಬ್ಬಿ ಕೈಗೆ ಬಂದಿದೆ. ಇವರಿಬ್ಬರಿಗೂ “ಸರಿಯಾಗಿ ತಗಳ್ರಿ” ಎಂದು ಒಂದೇ ಬೈಗುಳ ಬೈದರೆ ಪ್ರಯೋಜನವಿಲ್ಲ. ಮೊದಲಿನವರಿಗೆ ಹೊತ್ತು ಹೊಂದಿಸಿಕೊಡಬೇಕು, ಎರಡನೆಯವರಿಗೆ ಈ ಔಷಧಿ ಮಾಡುವ ಕೆಲಸವನ್ನೇ ಮೊದಲಿಂದ ಹೇಳಬೇಕು.

ಕೆಲವು ಕೌಂಟರ್‌ಗಳು ಒಂದೊಂದಾಗಿ ಇಳಿಯುತ್ತವೆ, ಕೆಲವು ಹತ್ತು–ಇಪ್ಪತ್ತರ ಗುರುತಷ್ಟೇ ತೋರಿಸುತ್ತವೆ. ಕೌಂಟರೇ ಇಲ್ಲದಿದ್ದರೆ ಶುರು ಮಾಡಿದ ತಾರೀಕನ್ನು ಬಾಲ್‌ಪೆನ್ನಿನಲ್ಲಿ ಡಬ್ಬಿಯ ಲೇಬಲ್ ಮೇಲೆ ಬರೆದಿಡಿ. ಡಬ್ಬಿಯನ್ನು ನೀರಿನಲ್ಲಿ ತೇಲಿಬಿಟ್ಟು ಖಾಲಿಯೋ ತುಂಬಿದೆಯೋ ನೋಡುವ ಹಳೇ ಪದ್ಧತಿ ನಂಬಿಕೆಗೆ ಅರ್ಹವಲ್ಲ, ವಾಲ್ವ್‌ಗೆ ನೀರು ಹೋಗಿ ಕೆಡುವ ಸಂಭವವೂ ಉಂಟು. ಅಲ್ಲಾಡಿಸಿದಾಗ ಸದ್ದು ಬರುತ್ತದೆ ಎಂಬುದೂ ಸಾಕ್ಷಿಯಲ್ಲ. ಔಷಧಿ ಮುಗಿದ ಮೇಲೂ ಒಳಗಿನ ಅನಿಲ ಇನ್ನೂ ಕೆಲವು ಸಲ “ಪುಸ್” ಅನ್ನುತ್ತದೆ, ಅದರಲ್ಲಿ ಔಷಧಿ ಪೂರ್ತಿ ಇರುವುದಿಲ್ಲ.

ಎಣಿಕೆಯನ್ನೂ ಮೋಸಗೊಳಿಸಬಹುದು. ಅಮೆರಿಕ–ಕೆನಡಾದ ಲಂಗ್ ಹೆಲ್ತ್ ಸ್ಟಡಿ ಎಂಬ ಅಧ್ಯಯನದಲ್ಲಿ ಸಮಯ ದಾಖಲಿಸುವ ಯಂತ್ರವನ್ನು ಇನ್‌ಹೇಲರಿಗೆ ಜೋಡಿಸಿದ್ದರು. ಅದರಲ್ಲಿದ್ದವರು ಆಸ್ತಮಾದವರಲ್ಲ, ಧೂಮಪಾನಿಗಳು. ಕೆಲವರು ಆಸ್ಪತ್ರೆಗೆ ಬರುವ ಮುಂಚೆ ಸಾಲಾಗಿ ಪಫ್ ಒತ್ತಿ ಡಬ್ಬಿ ಖಾಲಿ ಮಾಡಿಕೊಂಡು ಬಂದಿದ್ದು ಯಂತ್ರದಲ್ಲಿ ಸಿಕ್ಕಿಬಿತ್ತು. ಬೈಸಿಕೊಳ್ಳುವ ಭಯವಿದ್ದಲ್ಲಿ ಹೀಗೇ ಆಗುವುದು. ಮೆಡಿಕಲ್ ಅಂಗಡಿಯ ಬಿಲ್ಲುಗಳು ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ. ತಿಂಗಳಿಗೊಂದು ಡಬ್ಬಿ ಎಂದಿದ್ದರೆ ವರ್ಷಕ್ಕೆ 12 ಬಿಲ್ಲು ಇರಬೇಕು. ಹತ್ತಿದ್ದರೆ ತಕ್ಕಮಟ್ಟಿಗೆ ಸರಿ, ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಶೇ 80ರ ಗೆರೆ ಹಾಕುತ್ತಾರೆ. ಐದೋ ಆರೋ ಇದ್ದರೆ ಅರ್ಧ ಔಷಧಿ ಅಂಗಡಿಯಲ್ಲೇ ಉಳಿದಿದೆ.

ಪುಡಿ ತುಂಬಿದ ಕ್ಯಾಪ್ಸೂಲನ್ನು ಸಾಧನದಲ್ಲಿಟ್ಟು ಎಳೆಯುವವರಲ್ಲಿ ಇನ್ನೊಂದು ಎಡವಟ್ಟು ಪದೇಪದೇ ಕಾಣುತ್ತದೆ. 30 ಕ್ಯಾಪ್ಸೂಲಿನ ಡಬ್ಬಿ ನೋಡಿ “ತಿಂಗಳ ಔಷಧಿ” ಅಂದುಕೊಳ್ಳುತ್ತಾರೆ. ಎರಡು ಹೊತ್ತು ಒಂದೊಂದು ಎಂದು ಬರೆದಿದ್ದರೆ ಅದು 15 ದಿನಕ್ಕೆ ಮುಗಿಯಬೇಕು. ತಿಂಗಳಿಗೊಂದು ಡಬ್ಬಿ ತಪ್ಪದೆ ಒಯ್ಯುವ, ಒಂದು ದಿನವೂ ಬಿಡದ ಶಿಸ್ತಿನ ಮನುಷ್ಯನೂ ಹೀಗೆ ಅರ್ಧ ಡೋಸಿನಲ್ಲೇ ವರ್ಷ ಕಳೆದಿರುತ್ತಾನೆ. ಇದರಲ್ಲಿ ತಪ್ಪು ರೋಗಿಯದ್ದಲ್ಲ, “1–0–1” ಎಂದು ಗೀಚಿ ಕಳಿಸಿದವರದ್ದು.

ಇಷ್ಟೊಂದು ಲೆಕ್ಕ ಯಾಕೆ ಅಂದರೆ, ಜೀವದ ಪ್ರಶ್ನೆ. ಬ್ರಿಟನ್ನಿನಲ್ಲಿ ಆಸ್ತಮಾದಿಂದ ಸತ್ತ 195 ಜನರ ದಾಖಲೆಗಳನ್ನು ಒಂದೊಂದಾಗಿ ಪರಿಶೀಲಿಸಿ 2014ರಲ್ಲಿ ವರದಿ ಮಾಡಿದರು. ದಮ್ಮು ಬರದಂತೆ ತಡೆಯುವ, ದಿನದ ಇನ್‌ಹೇಲರಿನ ಲೆಕ್ಕ ಸಿಕ್ಕ 128 ಜನರಲ್ಲಿ 103 ಮಂದಿ ಹಿಂದಿನ ವರ್ಷ 12ಕ್ಕಿಂತ ಕಡಿಮೆ ಡಬ್ಬಿ ಪಡೆದಿದ್ದರು, 49 ಮಂದಿ ನಾಲ್ಕಕ್ಕಿಂತ ಕಡಿಮೆ. ತಕ್ಷಣ ಉಸಿರು ಬಿಡಿಸುವ ಇನ್‌ಹೇಲರ್ ಮಾತ್ರ ಧಾರಾಳ: ಲೆಕ್ಕ ಸಿಕ್ಕ 165 ಜನರಲ್ಲಿ 65 ಮಂದಿಗೆ ವರ್ಷಕ್ಕೆ 12ಕ್ಕೂ ಹೆಚ್ಚು. ಕೆನಡಾದ ಸಸ್ಕಾಚೆವನ್ ಪ್ರಾಂತ್ಯದ ದಾಖಲೆಗಳ ಮೇಲೆ 2000ದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷದಲ್ಲಿ ಬಳಸಿದ ತಡೆಯುವ ಬಗೆಯ (ಸ್ಟಿರಾಯ್ಡ್) ಇನ್‌ಹೇಲರಿನ ಪ್ರತಿ ಹೆಚ್ಚುವರಿ ಡಬ್ಬಿಗೆ ಆಸ್ತಮಾ ಸಾವಿನ ಪ್ರಮಾಣ ಶೇ 21ರಷ್ಟು ಇಳಿದಿತ್ತು. ನಿಲ್ಲಿಸಿದ ಮೊದಲ ಮೂರು ತಿಂಗಳು ಅಪಾಯದ ಕಾಲವಾಗಿತ್ತು.

ಈ ಎರಡು ಬಗೆಯ ಡಬ್ಬಿಗಳ ವ್ಯತ್ಯಾಸ ತಿಳಿಯದಿದ್ದರೆ ಮುಂದಿನದೆಲ್ಲ ವ್ಯರ್ಥ. ಆಸ್ತಮಾದಲ್ಲಿ ಶ್ವಾಸನಾಳದ ಒಳಪದರ ಸದಾ ಊದಿಕೊಂಡು ಕೆಂಪಾಗಿರುತ್ತದೆ, ದಮ್ಮು ಕಾಣದ ದಿನವೂ. ಅದರ ಮೇಲೆ ದೂಳೋ ಹೊಗೆಯೋ ನೆಗಡಿಯೋ ಬಿದ್ದಾಗ ನಾಳದ ಸುತ್ತಲಿನ ಸ್ನಾಯು ಬಿಗಿದು ಉಸಿರು ಕಟ್ಟುತ್ತದೆ. ತಕ್ಷಣದ ಇನ್‌ಹೇಲರಿನಲ್ಲಿರುವ ಸಾಲ್ಬುಟಮಾಲ್ ಆ ಬಿಗಿತವನ್ನು ಕೆಲವೇ ನಿಮಿಷದಲ್ಲಿ ಸಡಿಲಿಸುತ್ತದೆ, ನಾಲ್ಕರಿಂದ ಆರು ಗಂಟೆ ಕೆಲಸ ಮಾಡುತ್ತದೆ, ಊತವನ್ನು ಮುಟ್ಟುವುದೂ ಇಲ್ಲ. ಊತ ಇಳಿಸುವುದು ತಡೆಯುವ ಇನ್‌ಹೇಲರಿನಲ್ಲಿರುವ ಬೆಕ್ಲೊಮೆಥಾಸೋನ್, ಬುಡೆಸೊನೈಡ್, ಫ್ಲುಟಿಕಾಸೋನ್‌ನಂಥ ಸ್ಟಿರಾಯ್ಡ್. ಅದರ ಗುಣ ಕಾಣಲು ದಿನಗಳು, ವಾರಗಳು ಬೇಕು. ಎಳೆದ ಕ್ಷಣದಲ್ಲಿ ಏನೂ ಅನ್ನಿಸುವುದಿಲ್ಲ. ಬಿಟ್ಟ ಮರುದಿನವೂ ಏನೂ ಆಗುವುದಿಲ್ಲ, ಹದಿನೈದು ದಿನವೋ ತಿಂಗಳೋ ಆದ ಮೇಲೆ ಒಂದು ರಾತ್ರಿ ಎರಡು ಗಂಟೆಗೆ ದಮ್ಮು ಎಬ್ಬಿಸಿ ಕೂರಿಸುತ್ತದೆ. ಅಷ್ಟರಲ್ಲಿ ಔಷಧಿ ಬಿಟ್ಟಿದ್ದೇ ಮರೆತಿರುತ್ತದೆ, “ನಿನ್ನೆ ಮೊಸರು ತಿಂದಿದ್ದಕ್ಕೆ” ಎಂಬ ತೀರ್ಮಾನವಾಗಿರುತ್ತದೆ.

ಹೀಗಿರುವಾಗ ಜನ ಬಿಡುವುದರಲ್ಲಿ ಆಶ್ಚರ್ಯವೇನಿಲ್ಲ. “ಚೆನ್ನಾಗಿದ್ದಾಗ ಯಾಕ್ರಿ?” ಎಂಬುದು ದಡ್ಡ ಪ್ರಶ್ನೆಯೂ ಅಲ್ಲ. ಜ್ವರಕ್ಕೆ, ಕೆಮ್ಮಿಗೆ ಹಾಗೇ ತಾನೇ ಮಾಡುವುದು? ದಾವಣಗೆರೆ ಕಡೆ ಇದಕ್ಕೆ ಇನ್ನೂ ನಾಲ್ಕು ಕಾರಣ ಸೇರುತ್ತವೆ. ಗೂರಲು (ದಮ್ಮು) ಎಂದರೆ ಚಳಿ–ಮಳೆಗಾಲದ ಕಾಯಿಲೆ ಎಂಬ ನಂಬಿಕೆಯಿಂದ ಬೇಸಿಗೆಯಲ್ಲಿ ಔಷಧಿ ನಿಲ್ಲುತ್ತದೆ. ಭತ್ತದ ಒಕ್ಕಲು, ಎಪಿಎಂಸಿ ಯಾರ್ಡಿನ ಮೆಕ್ಕೆಜೋಳದ ದೂಳು, ಮಂಡಕ್ಕಿ ಭಟ್ಟಿಯ ಹೊಗೆ ಮಾತ್ರ ಋತು ನೋಡಿ ಬರುವುದಿಲ್ಲ. ಮೃಗಶಿರಾ ಮಳೆ ಕೂಡುವಾಗ ಹೈದರಾಬಾದಿಗೆ ಹೋಗಿ ಮೀನಿನ ಔಷಧಿ ನುಂಗಿ ಬಂದವರು, ಪಥ್ಯ ಮುರಿಯುತ್ತದೆಂದು ಇನ್‌ಹೇಲರ್ ಬಿಡುತ್ತಾರೆ. ಮದುವೆ ವಯಸ್ಸಿನ ಹುಡುಗಿಯ ಇನ್‌ಹೇಲರ್ ಬೀರುವಿನ ಸೀರೆಗಳ ಕೆಳಗೆ ಸೇರುತ್ತದೆ. ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಅದನ್ನು ತೆಗೆಯುವ ಧೈರ್ಯ ಇನ್ನೂ ಕಡಿಮೆ, ಅವಳ ಕೌಂಟರ್ ನಿಂತಲ್ಲೇ ನಿಂತಿರುತ್ತದೆ. ಇಂಥವರಿಗೆ ದಿನಕ್ಕೆ ಒಂದೇ ಸಲ ಸಾಕಾಗುವ ಔಷಧಿ ಕೊಡುವುದು ಬುದ್ಧಿ ಹೇಳುವುದಕ್ಕಿಂತ ಮೇಲು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು: “ಸ್ಟಿರಾಯ್ಡ್ ಅಂತೆ, ರೂಢಿ ಆಗಿಬಿಡ್ತದಂತೆ.” ಇದನ್ನು ಹೇಳುವವರೇ ದಮ್ಮು ಜೋರಾದಾಗ ಊರಿನ ಕ್ಲಿನಿಕ್ಕಿಗೆ ಹೋಗಿ ಡೆರಿಫಿಲಿನ್ ಜೊತೆ ಡೆಕ್ಸಾಮೆಥಾಸೋನ್ ಚುಚ್ಚಿಸಿಕೊಳ್ಳುತ್ತಾರೆ, ಅಂಗಡಿಯಲ್ಲಿ ಸಣ್ಣ ಬಿಳಿ ಮಾತ್ರೆ ಕೇಳಿ ನುಂಗುತ್ತಾರೆ. ಆ ಡೆಕ್ಸಾಮೆಥಾಸೋನ್, ಆ ಬಿಳಿ ಮಾತ್ರೆ ಎರಡೂ ಸ್ಟಿರಾಯ್ಡೇ, ಇಡೀ ಮೈಗೆ ಹರಿಯುವಂಥವು. ಪ್ರಮಾಣ ನೋಡಿ. ಬುಡೆಸೊನೈಡ್ 100 ಮೈಕ್ರೋಗ್ರಾಮಿನ ನಾಲ್ಕು ಪಫ್ ಅಂದರೆ ದಿನಕ್ಕೆ 400 ಮೈಕ್ರೋಗ್ರಾಮ್. ದಮ್ಮು ಕೆರಳಿದಾಗ ಕೊಡುವ ಪ್ರೆಡ್ನಿಸೊಲೋನ್ ದಿನಕ್ಕೆ 40 ಮಿಲಿಗ್ರಾಮಿನಂತೆ ಐದು ದಿನಕ್ಕೆ 200 ಮಿಲಿಗ್ರಾಮ್, ಅಂದರೆ 2,00,000 ಮೈಕ್ರೋಗ್ರಾಮ್. ತೂಕದಲ್ಲಿ ಅದು ಇನ್‌ಹೇಲರಿನ 500 ದಿನಕ್ಕೆ ಸಮ. ಎರಡೂ ಬೇರೆ ಔಷಧಿ, ತೂಕಕ್ಕೆ ತೂಕ ಶಕ್ತಿ ಒಂದೇ ಅಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೂ ಭಯ ಪಡಬೇಕಾದ್ದು ಯಾವುದಕ್ಕೆ ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ. ಇನ್‌ಹೇಲರಿಗೆ ಅಡ್ಡಪರಿಣಾಮವೇ ಇಲ್ಲ ಎನ್ನುವುದೂ ಸುಳ್ಳು. ಬಾಯಲ್ಲಿ ಅಗ್ರ, ಅಂದರೆ ಬೂಸಿನ ಬಿಳಿ ಪದರ, ಬರಬಹುದು, ದನಿ ಒಡೆಯಬಹುದು. ವರ್ಷಗಟ್ಟಲೆ ತೆಗೆದುಕೊಂಡ ಮಕ್ಕಳ ಎತ್ತರದಲ್ಲಿ ಸುಮಾರು ಒಂದು ಸೆಂಟಿಮೀಟರ್ ಕಡಿಮೆಯಾಗಿದ್ದು ಅಧ್ಯಯನದಲ್ಲಿ ಕಂಡಿದೆ. ಇದನ್ನು ತಾಯಿಯ ಮುಂದೆ ಮುಚ್ಚಿಡದೆ ಹೇಳಿ, ಉಸಿರಿಲ್ಲದೆ ವಾರಕ್ಕೆರಡು ರಾತ್ರಿ ಏಳುವ ಮಗುವಿನ ಸ್ಥಿತಿಯನ್ನೂ ಪಕ್ಕದಲ್ಲಿಟ್ಟು ತೋರಿಸಿದರೆ ಅವರೇ ಸರಿಯಾದ ತೀರ್ಮಾನಕ್ಕೆ ಬರುತ್ತಾರೆ.

ದುಡ್ಡಿನ ಮಾತು. ತಿಂಗಳಿಗೊಂದು ಡಬ್ಬಿ ಕೂಲಿಯವರ ಮನೆಗೆ ಹೊರೆಯೇ. ಬುಡೆಸೊನೈಡ್ ಮತ್ತು ಬುಡೆಸೊನೈಡ್–ಫಾರ್ಮೊಟೆರಾಲ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ, ಅವುಗಳ ಗರಿಷ್ಠ ಬೆಲೆಗೆ ಸರ್ಕಾರದ ಕಡಿವಾಣವಿದೆ. ಜನೌಷಧಿ ಕೇಂದ್ರದಲ್ಲೂ ಸರ್ಕಾರಿ ಆಸ್ಪತ್ರೆಯ ಔಷಧಿ ಕೌಂಟರಿನಲ್ಲೂ ಮೊದಲು ವಿಚಾರಿಸಿ. ಎರಡು ಡಬ್ಬಿ ಕೊಳ್ಳಲು ಆಗದಿದ್ದರೆ ಅಗ್ಗದ ಸಾಲ್ಬುಟಮಾಲ್ ಒಂದನ್ನೇ ಕೊಂಡು ಸುಮ್ಮನಾಗುವುದು ತಪ್ಪು ಉಳಿತಾಯ. 200 ಪಫ್‌ನ ಸಾಲ್ಬುಟಮಾಲ್ ವರ್ಷಕ್ಕೆ ಮೂರು ಡಬ್ಬಿ ಮುಟ್ಟಿದರೆ ದಮ್ಮು ಕೆರಳುವ ಅಪಾಯ ಹೆಚ್ಚು, 12 ಮುಟ್ಟಿದರೆ ಸಾವಿನ ಅಪಾಯ ಹೆಚ್ಚು. ಹೀಗಾಗಿಯೇ ಜಾಗತಿಕ ಆಸ್ತಮಾ ಮಾರ್ಗಸೂಚಿಯಾದ ಜೀನಾ 2019ರಿಂದ ದೊಡ್ಡವರಿಗೆ ಸಾಲ್ಬುಟಮಾಲ್ ಒಂದನ್ನೇ ಕೊಡಬೇಡಿ ಎನ್ನುತ್ತಿದೆ.

ಇನ್ನು ತಪ್ಪದೆ ತೆಗೆದುಕೊಂಡೂ ತೆಗೆದುಕೊಳ್ಳದಂತೆ ಆಗುವವರು. ಭದ್ರಾ ನಾಲೆಯ ಕೊನೆಭಾಗದ ರೈತರಿಗೆ ನೀರಿನ ಪಾಡು ಹೇಗೋ, ಶ್ವಾಸಕೋಶಕ್ಕೆ ಈ ಔಷಧಿಯ ಪಾಡು ಹಾಗೆ: ಬಿಟ್ಟಿದ್ದರಲ್ಲಿ ಹೆಚ್ಚು ಪಾಲು ಬಾಯಿ–ಗಂಟಲಲ್ಲೇ ಇಂಗುತ್ತದೆ. ಕೊನೆ ಮುಟ್ಟಿಸುವುದು ಎಳೆಯುವ ರೀತಿಯ ಮೇಲಿದೆ. ಪಂಪಿನ ಇನ್‌ಹೇಲರ್ ಆದರೆ ಮುಚ್ಚಳ ತೆಗೆದು ಒಳಗೆ ಹುಳ, ಕಸ ಇಲ್ಲವೆಂದು ನೋಡಿ ಚೆನ್ನಾಗಿ ಅಲ್ಲಾಡಿಸಿ. ಹೊಸ ಡಬ್ಬಿಯಾದರೆ, ಅಥವಾ ಹಲವು ದಿನ ಮುಟ್ಟದೇ ಇದ್ದರೆ ಮೊದಲು ಗಾಳಿಗೆ ಎರಡು ಪಫ್ ಬಿಡಿ, ನಿಖರ ಸಂಖ್ಯೆ ಪೆಟ್ಟಿಗೆಯೊಳಗಿನ ಕಾಗದದಲ್ಲಿರುತ್ತದೆ. ನೆಟ್ಟಗೆ ಕೂತು ಆರಾಮಾಗಿ ಉಸಿರು ಹೊರಬಿಡಿ. ತುಟಿ ಬಿಗಿಯಾಗಿ ಮುಚ್ಚಿ, ನಿಧಾನಕ್ಕೆ ಒಳಗೆಳೆಯಲು ಶುರು ಮಾಡಿದ ಕೂಡಲೇ ಒತ್ತಿ, ಎಳೆಯುತ್ತಲೇ ಇರಿ. ನಾಲ್ಕೈದು ಸೆಕೆಂಡ್ ಎಳೆಯುವಷ್ಟು ನಿಧಾನ. ಹತ್ತು ಎಣಿಸುವವರೆಗೆ ಉಸಿರು ಹಿಡಿದು ಬಿಡಿ. ಎರಡನೆಯ ಪಫ್‌ಗೆ ಅರ್ಧ ನಿಮಿಷ ಬಿಟ್ಟು ಮತ್ತೆ ಅಲ್ಲಾಡಿಸಿ. ಒತ್ತಿದ ಮೇಲೆ ಎಳೆದರೆ, ಇಲ್ಲವೇ ಟಪಟಪ ಎರಡು ಸಲ ಒತ್ತಿ ಒಂದೇ ಉಸಿರಲ್ಲಿ ಎಳೆದರೆ ಗಂಟಲಿಗೆ ತಣ್ಣಗೆ ಹೊಡೆಯುತ್ತದೆ. ಆ ತಣ್ಣನೆ ಹೊಡೆತವೇ “ಔಷಧಿ ಹತ್ತಿತು” ಎಂದು ಬಹಳ ಜನ ಖುಷಿಪಡುತ್ತಾರೆ, ಅದು ದಾರಿ ತಪ್ಪಿದ್ದರ ಗುರುತು.

ಈ ಹೊಂದಾಣಿಕೆ ಬಾರದವರಿಗೆ, ಮಕ್ಕಳಿಗೆ, ವಯಸ್ಸಾದವರಿಗೆ ಸ್ಪೇಸರ್, ಅಂದರೆ ಪಂಪಿನ ಬಾಯಿಗೆ ಜೋಡಿಸುವ ಪ್ಲಾಸ್ಟಿಕ್ ಕೊಳವೆ, ಕಡ್ಡಾಯ ಎನ್ನಬೇಕು. ಒಮ್ಮೆಗೆ ಒಂದೇ ಪಫ್ ಒತ್ತಿ, ತಡಮಾಡದೆ ಅದರೊಳಗಿನ ಗಾಳಿಯನ್ನು ಐದಾರು ಉಸಿರು ಎಳೆಯಿಸಿ. ಸೋಪಿನ ನೀರಲ್ಲಿ ತೊಳೆದು ಹಾಗೇ ಆರಲು ಬಿಡಬೇಕು. ಬಟ್ಟೆಯಿಂದ ತಿಕ್ಕಿ ಒರೆಸಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಔಷಧಿ ಗೋಡೆಗೆ ಅಂಟಿಕೊಳ್ಳುತ್ತದೆ.

ಪುಡಿಯ ರೊಟಾಹೇಲರಿನದು ತದ್ವಿರುದ್ಧ: ಇಲ್ಲಿ ಜೋರಾಗಿ, ಒಮ್ಮೆಲೇ ಎಳೆಯಬೇಕು. ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಹೋಗುವಂತೆ ಚೌಕ ತೂತಿಗೆ ಇಳಿಸಿ, ಬುಡ ತಿರುಗಿಸಿದರೆ ಅದು ಎರಡು ಹೋಳಾಗಿ ಪುಡಿ ಉದುರುತ್ತದೆ. ಕೆಲವು ಸಾಧನಗಳಲ್ಲಿ ಮುಚ್ಚಿದಾಗ ಕ್ಯಾಪ್ಸೂಲಿಗೆ ಸೂಜಿ ಚುಚ್ಚುತ್ತದೆ. ಸಾಧನದೊಳಕ್ಕೆ ಊದಬಾರದು, ಬಾಯಿಯ ತೇವಕ್ಕೆ ಪುಡಿ ಗಟ್ಟಿಯಾಗುತ್ತದೆ. ಎಳೆದ ಮೇಲೆ ತೆರೆದು ನೋಡಿ, ಪುಡಿ ಉಳಿದಿದ್ದರೆ ಇನ್ನೊಮ್ಮೆ ಎಳೆಯಿರಿ. ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರು ಈಗಲೂ ಇದ್ದಾರೆ, ಏಕೆಂದರೆ ಅದು ನೋಡಲು ನುಂಗುವ ಮಾತ್ರೆಯಂತೆಯೇ ಇದೆ ಮತ್ತು ಅಂಗಡಿಯವರು ಏನೂ ಹೇಳದೆ ಕವರಿಗೆ ಹಾಕಿದ್ದಾರೆ. ಪಂಪು, ಪುಡಿ ಎರಡನ್ನೂ ಒಬ್ಬರಿಗೇ ಬರೆಯುವುದು ನನ್ನ ಪ್ರಕಾರ ಕೆಟ್ಟ ಅಭ್ಯಾಸ. ಒಂದಕ್ಕೆ ನಿಧಾನ, ಒಂದಕ್ಕೆ ಜೋರು ಎಂದು ದಮ್ಮಿನ ಹೊತ್ತಿನಲ್ಲಿ ಯಾರಿಗೆ ನೆನಪಿರುತ್ತದೆ?

ಇಡುವ ಜಾಗವೂ ಮುಖ್ಯ. ಪಂಪಿನ ಡಬ್ಬಿ ಒತ್ತಡದ ಅನಿಲದ್ದು. ಏಪ್ರಿಲ್ ಬಿಸಿಲಿನಲ್ಲಿ ಬೈಕಿನ ಡಿಕ್ಕಿ, ಕಾರಿನ ಡ್ಯಾಶ್‌ಬೋರ್ಡ್, ತಗಡಿನ ಛಾವಣಿ ಕೆಳಗಿನ ಕಿಟಕಿ ಅದಕ್ಕೆ ತಕ್ಕ ಜಾಗವಲ್ಲ. ಕ್ಯಾಪ್ಸೂಲಿಗೆ ಬಚ್ಚಲುಮನೆಯ ತೇವ ವಿಷ, ನಾಳೆಗೆಂದು ಇವತ್ತೇ ಸಾಧನದಲ್ಲಿ ತುಂಬಿಡಬೇಡಿ. ಪಂಪಿನ ಪ್ಲಾಸ್ಟಿಕ್ ಚೌಕಟ್ಟನ್ನು ವಾರಕ್ಕೊಮ್ಮೆ ಲೋಹದ ಡಬ್ಬಿ ತೆಗೆದಿಟ್ಟು ಬೆಚ್ಚನೆ ನೀರಲ್ಲಿ ತೊಳೆದು ಒಣಗಿಸಿದರೆ ತೂತು ಕಟ್ಟಿಕೊಳ್ಳುವುದಿಲ್ಲ. ತೊಳೆಯುವ ಮುಂಚೆ ಪೆಟ್ಟಿಗೆಯ ಕಾಗದ ಓದಿ, ಎಲ್ಲ ಕಂಪನಿಯವೂ ಒಂದೇ ರೀತಿ ಅಲ್ಲ.

ಮರೆಯುವವರಿಗೆ ಮೊಬೈಲ್ ಅಲಾರಂಗಿಂತ ಹಲ್ಲುಜ್ಜುವ ಹೊತ್ತಿಗೆ ಕಟ್ಟಿಹಾಕುವುದು ಒಳ್ಳೆಯದು. ಮೊದಲು ಇನ್‌ಹೇಲರ್, ಆಮೇಲೆ ಬ್ರಷ್. ಬಾಯಿ ಮುಕ್ಕಳಿಸಿ ಉಗಿಯುವ ಕೆಲಸವೂ ಅದರಲ್ಲೇ ಮುಗಿಯುತ್ತದೆ, ಬಾಯಿಯ ಅಗ್ರಕ್ಕೂ ಅದೇ ತಡೆ. ರಂಜಾನ್ ಉಪವಾಸದವರು ಸಹರಿ ಮುಗಿಯುವ ಮುಂಚೆ ಒಮ್ಮೆ, ಇಫ್ತಾರ್ ಆದ ಮೇಲೆ ಒಮ್ಮೆ ತೆಗೆದುಕೊಂಡರೆ ಎರಡು ಹೊತ್ತಿನ ಲೆಕ್ಕ ಸರಿಹೋಗುತ್ತದೆ. ಎರಡು ಡಬ್ಬಿ ನಿಭಾಯಿಸಲಾಗದವರಿಗೆ ಬುಡೆಸೊನೈಡ್–ಫಾರ್ಮೊಟೆರಾಲ್ ಒಂದನ್ನೇ ದಿನದ ಔಷಧಿಯಾಗಿಯೂ ದಮ್ಮು ಬಂದಾಗಿನ ಔಷಧಿಯಾಗಿಯೂ ಬಳಸುವ ಪದ್ಧತಿಯಿದೆ. ಫಾರ್ಮೊಟೆರಾಲ್ ಕೆಲವೇ ನಿಮಿಷದಲ್ಲಿ ಕೆಲಸ ಶುರು ಮಾಡುವುದರಿಂದ ಇದು ಸಾಧ್ಯ. 200/6ರ (ಬುಡೆಸೊನೈಡ್ 200, ಫಾರ್ಮೊಟೆರಾಲ್ 6 ಮೈಕ್ರೋಗ್ರಾಮ್) ಪಂಪಿನಲ್ಲಿ ದೊಡ್ಡವರಿಗೆ ಎಲ್ಲ ಸೇರಿ ದಿನಕ್ಕೆ 12 ಪಫ್ ಮೇಲ್ಮಿತಿ. ಸಾಲ್ಮೆಟೆರಾಲ್ ಇರುವ ಡಬ್ಬಿಯನ್ನು ಹೀಗೆ ಬಳಸುವಂತಿಲ್ಲ, ಅದು ನಿಧಾನ. ಯಾವುದು ಯಾವುದೆಂದು ಬಣ್ಣ ನೋಡಿ ಹೇಳಬೇಡಿ, ಕಂಪನಿಗೊಂದು ಬಣ್ಣ. ಲೇಬಲ್ಲಿನ ಹೆಸರು ಓದಿ, ಮತ್ತು ಈ ಪದ್ಧತಿಯನ್ನು ಡಾಕ್ಟರು ಬರೆದುಕೊಟ್ಟ ಮೇಲೆಯೇ ಹಿಡಿಯಿರಿ.

ಡಾಕ್ಟರು, ನರ್ಸು, ಮೆಡಿಕಲ್ಲಿನವರು ಪ್ರಶ್ನೆ ಕೇಳುವ ಧಾಟಿ ಬದಲಿಸಿದರೂ ಅರ್ಧ ಕೆಲಸ ಆಯಿತು. “ತಗಂತೀರೇನ್ರಿ?” ಬದಲು “ಇದನ್ನ ದಿನಾ ತಗಳ್ಳೋದು ಎಲ್ರಿಗೂ ಕಷ್ಟಾನೇ. ಹೋದ ತಿಂಗಳು ವಾರಕ್ಕೆ ಎಷ್ಟು ದಿನ ಆಯ್ತು ಅಜ್ಜಾರೇ, ಮೂರೋ ನಾಕೋ?” ಅಂದರೆ ಸತ್ಯ ಹೊರಬರುತ್ತದೆ. ಆಮೇಲೆ ಡಬ್ಬಿ ಅವರ ಕೈಗೇ ಕೊಟ್ಟು “ಎಳೆದು ತೋರಿಸ್ರಿ” ಅನ್ನಿ. ಈ ಎರಡು ಆಗದೆ ಡೋಸ್ ಏರಿಸಬಾರದು.

ಹಗಲು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ದಮ್ಮು, ದಮ್ಮಿಗೆ ರಾತ್ರಿ ಎಚ್ಚರವಾಗುವುದು, ತಕ್ಷಣದ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಗುವುದು, ಕೆಲಸಕ್ಕೆ ಅಡ್ಡಿ — ಇವು ನಾಲ್ಕೂ ಎರಡು–ಮೂರು ತಿಂಗಳು ಇಲ್ಲದಿದ್ದರೆ ಡೋಸ್ ಇಳಿಸುವ ಮಾತಾಡಬಹುದು. ಇಳಿಸುವುದು ಕಾಲು ಭಾಗದಿಂದ ಅರ್ಧದಷ್ಟು, ಪೂರ್ತಿ ನಿಲ್ಲಿಸುವುದಲ್ಲ. ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲದಿದ್ದರೆ, ತುಟಿ ನೀಲಿಯಾದರೆ ಇವೆಲ್ಲ ಲೆಕ್ಕ ಬದಿಗಿಟ್ಟು 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ಸ್ಪೇಸರಿನಲ್ಲಿ ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕರಿಂದ ಹತ್ತು ಪಫ್, 20 ನಿಮಿಷ ಬಿಟ್ಟು ಮತ್ತೆ.

ಕೌಂಟರ್ 20ಕ್ಕೆ ಬಂದಾಗ, ಅಂದರೆ ಇನ್ನು ಐದು ದಿನದ್ದಿರುವಾಗ, ಮುಂದಿನ ಡಬ್ಬಿ ತನ್ನಿ. ಚನ್ನಗಿರಿ, ಜಗಳೂರಿನ ಹಳ್ಳಿಗಳ ಅಂಗಡಿಯಲ್ಲಿ ನಿಮ್ಮ ಶಕ್ತಿಯ ಡಬ್ಬಿ ಇಲ್ಲದಿರಬಹುದು, 100ರ ಬದಲು 400 ಕೈಗಿಟ್ಟು “ಒಂದೇ ರೀ” ಅಂದಾರು. ಹಳೇ ಡಬ್ಬಿಯ ಹೆಸರು ಮತ್ತು ಅಂಕಿ ಕಾಣುವಂತೆ ಒಂದು ಫೋಟೋ ಮೊಬೈಲಿನಲ್ಲಿರಲಿ, ಅದನ್ನೇ ತೋರಿಸಿ ಕೊಳ್ಳಿ.